ಬೆಳ್ಳಾರೆಯಲ್ಲಿ ನಾನು ತಂತಿಯ ಮೇಲೆ ಕೂತದ್ದು

ಒಲೆಯ ಮೇಲಿದ್ದ ಬಾಣಲೆಯನ್ನು ಅಪ್ಪ ಬರಿಗೈಯಲ್ಲಿ ಎತ್ತಿ ಕೆಳಗಿಟ್ಟದ್ದನ್ನು ನೋಡಿದ ದಿನದಿಂದ ನನಗೆ ನೆಮ್ಮದಿ ಇರಲಿಲ್ಲ. ಬಟ್ಟೆ ಹಿಡಿಯಲಿಲ್ಲ, ಉಸ್ ಎನ್ನಲಿಲ್ಲ, ಕೈ ಕೊಡವಲಿಲ್ಲ. ಎತ್ತಿದ, ಇಟ್ಟ, ಮತ್ತೆ ಈರುಳ್ಳಿ ಹೆಚ್ಚತೊಡಗಿದ. ಮರುದಿನ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. "ಎಂತ ಅಪ್ಪ ಇದು?" ಎಂದರೆ "ಎಂತದೂ ಇಲ್ಲ, ಹಗ್ಗ ಉಜ್ಜಿದ್ದು" ಎಂದ. ಸಕ್ಕರೆ ಕಾಯಿಲೆಯಿಂದ ಅವನ ಕಾಲ್ಬೆರಳುಗಳು ಮರಗಟ್ಟಿದ್ದು ಮನೆಗೆಲ್ಲ ಗೊತ್ತಿತ್ತು. ಅದು ಕೈಗೂ ಏರಿದೆ ಎಂದು ನನಗೆ ಮಾತ್ರ ಗೊತ್ತಾಯಿತು. ಅವ್ವನಿಗೆ ಹೇಳಲಿಲ್ಲ, ತಮ್ಮನಿಗೂ ಹೇಳಲಿಲ್ಲ.

ಬೇರೆ ಮನೆಯಾಗಿದ್ದರೆ ಅಡುಗೆಮನೆಯಿಂದ ಅಪ್ಪನನ್ನು ದೂರ ಇಟ್ಟರೆ ಮುಗಿಯುತ್ತಿತ್ತು. ನಮ್ಮದು ತಂತಿಯ ಮೇಲೆ ನಡೆಯುವ ಮನೆ. ನಾನು ನಡೆಯುವ ತಂತಿಯನ್ನು ಕಟ್ಟುವುದು ಅದೇ ಕೈ.

ಅಜ್ಜಿಯ ಕಾಲಕ್ಕೆ ಅದು ಹಗ್ಗವಾಗಿತ್ತು, ಅವ್ವನ ಕಾಲಕ್ಕೆ ಉಕ್ಕಿನ ತಂತಿಯಾಯಿತು. ಘಟ್ಟದ ಮೇಲಿನಿಂದ ಇಳಿದು ಬಂದು ಪುತ್ತೂರಿನ ಹೊರಗೆ ನೆಲೆ ನಿಂತದ್ದು ಅಜ್ಜ. ಮನೆಯೊಳಗೆ ಇಂದಿಗೂ ನಮ್ಮದೇ ಮಾತು ಉಂಟು, ಅಂಗಳ ದಾಟಿದರೆ ತುಳು, ಮೈಕು ಹಿಡಿದರೆ ಕನ್ನಡ. ರಾಜಕೀಯದವರ ಕಚ್ಚಾಟಕ್ಕೆ ಟೀವಿಯವರು ದೊಂಬರಾಟ ಎಂದು ಹೆಸರಿಡುವಾಗ ನನಗೆ ಮೈ ಉರಿಯುತ್ತದೆ. ನಮ್ಮ ಆಟದಲ್ಲಿ ಅಷ್ಟು ಸುಳ್ಳು ನಡೆಯುವುದಿಲ್ಲ. ನಡೆದರೆ ಕೆಳಗೆ ಬೀಳುತ್ತೇವೆ.

ನಮ್ಮಲ್ಲಿ ನಡೆಯುವುದು ಹೆಂಗಸರು, ಕಟ್ಟುವುದು ಗಂಡಸರು. ಕಟ್ಟುವವನು ಗೂಟ ಹೊಡೆಯುತ್ತಾನೆ, ಎರಡು ಕಡೆಯೂ ಕಬ್ಬಿಣದ ಕತ್ತರಿಗಾಲು ನಿಲ್ಲಿಸುತ್ತಾನೆ, ತಂತಿಯನ್ನು ಅವುಗಳ ನೆತ್ತಿಯ ಮೇಲೆ ಹಾಯಿಸಿ ಗೂಟಕ್ಕೆ ತಂದು ತಿರುಪಿನಿಂದ ಬಿಗಿಯುತ್ತಾನೆ. ಆಮೇಲೆ ಬೆತ್ತದಿಂದ ತಂತಿಗೊಂದು ಪೆಟ್ಟು ಕೊಟ್ಟು ಅಂಗೈ ಇಡುತ್ತಾನೆ. ನಡುಕ ಆಚೆ ತುದಿಗೆ ಹೋಗಿ ಮರಳಿ ಬರುವ ರೀತಿಯಲ್ಲಿ ಬಿಗಿ ಎಷ್ಟಿದೆ ಎಂದು ಅವನಿಗೆ ತಿಳಿಯುತ್ತದೆ. ನಡೆಯುವವಳು ಮಾತ್ರ ತಂತಿಯನ್ನು ಕೈಯಿಂದ ಮುಟ್ಟುವಂತಿಲ್ಲ. ಮೇಲೆ ಹತ್ತಿದ ಮೇಲೆ ಅವಳ ಪಾದವೇ ಮೊದಲು ತಾಗಬೇಕು. ಮೊದಲೇ ಮುಟ್ಟಿ ನೋಡುವುದೆಂದರೆ ಕಟ್ಟಿದವನ ಮುಖಕ್ಕೆ ಉಗಿಯುವುದು.

ಅದಕ್ಕೆ ಪ್ರತಿಯಾಗಿ ಕಟ್ಟಿದವನ ಮೇಲೂ ಒಂದು ಕಟ್ಟಳೆ ಇದೆ. ತಂತಿಯ ಮೇಲೆ ಏನೇ ಎಡವಟ್ಟಾದರೂ ಅವನು ಮುಂದೆ ಬಂದು ಜನರಿಗೆ ಕೈಮುಗಿದು "ಕಟ್ಟಿದ್ದು ತಪ್ಪಿತು, ನಡೆದದ್ದು ತಪ್ಪಲಿಲ್ಲ" ಎನ್ನಬೇಕು. ನಡೆದವಳು ಬಾಯಿ ಬಿಡಬಾರದು. ಅವಳು ಜೀವ ಒಪ್ಪಿಸುತ್ತಾಳೆ, ಅವನು ಮಾನ ಒಪ್ಪಿಸುತ್ತಾನೆ, ಲೆಕ್ಕ ಸಮ ಎಂದು ಅಜ್ಜಿ ಹೇಳುತ್ತಿದ್ದಳು. ಆಟ ಮುಗಿಯುವವರೆಗೆ ಅವನು ಗೂಟದ ಬಳಿ ತಂತಿಯಿಂದ ಕೈ ತೆಗೆಯುವಂತೆಯೂ ಇಲ್ಲ. ಹಾಗಾಗಿ ಊರೆಲ್ಲ ಚಪ್ಪಾಳೆ ತಟ್ಟಿದರೂ ಅಪ್ಪ ನನಗೆ ಒಮ್ಮೆಯೂ ತಟ್ಟಿದವನಲ್ಲ. ಚಿಕ್ಕವಳಿದ್ದಾಗ ಅದಕ್ಕೇ ಮುನಿಸಿಕೊಂಡು ಊಟ ಬಿಟ್ಟದ್ದುಂಟು.

ಬೆಳ್ಳಾರೆಯ ಆಟ ಬಂದದ್ದು ಬಾಣಲೆಯ ಗುಳ್ಳೆ ಇನ್ನೂ ಒಣಗುತ್ತಿದ್ದಾಗ. ಅಲ್ಲಿಯ ಕಬಡ್ಡಿ ಕ್ಲಬ್ಬಿನವರ ಪಂದ್ಯಾಟ. ಪಂದ್ಯ ಶುರುವಾಗುವ ಮೊದಲು ಜನ ಸೇರಿಸಲು ನಾವು ಬೇಕಿತ್ತು. ಕ್ಲಬ್ಬಿನ ಕಾರ್ಯದರ್ಶಿ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಬಾಯಿ ತುಂಬ ಮಾತಾಡುವ ಒಳ್ಳೆಯ ಮನುಷ್ಯ. ಮಧ್ಯಾಹ್ನ ನಾವು ಟೆಂಪೋದಿಂದ ಪೈಪು ಇಳಿಸುವಾಗಲೇ ಬಂದು, "ಅಕ್ಕಾ, ಸೂರ್ಯ ಮುಳುಗುವ ಹೊತ್ತಿಗೆ ನಿಮ್ಮದು ಮುಗಿಬೇಕು ಆಯ್ತಾ? ಮತ್ತೆ ಟೀಮಿನವರು ಗಲಾಟೆ ಮಾಡ್ತಾರೆ" ಎಂದರು. ಆಯಿತೆಂದೆ.

ಶಾಲೆಯ ಮೈದಾನದಲ್ಲಿ ನೆರಳಿಗೆಂದು ಒಂದು ಮರವೂ ಇರಲಿಲ್ಲ. ಬಿಸಿಲು ಸುರಿಯುತ್ತಿತ್ತು, ಪೈಪು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಅಪ್ಪ ಹಾರೆ ಹಿಡಿದು ಎರಡೂ ತುದಿಗೆ ಹೋಗಿ ನೆಲ ಕುಟ್ಟಿ ನೋಡಿದ. ಶಾಲೆಯ ಬದಿಯಲ್ಲಿ ಮುರಕಲ್ಲು ಠಣ್ ಎಂದಿತು. ರಸ್ತೆಯ ಬದಿಯಲ್ಲಿ ಹಾರೆ ಮೆತ್ತಗೆ ಇಳಿಯಿತು. ಅಲ್ಲಿ ಬಹಳ ಹೊತ್ತು ನಿಂತ. ಗೂಟವನ್ನು ಓರೆಯಾಗಿ ಆಳಕ್ಕೆ ಹೊಡೆದು ಅದರ ಬೆನ್ನಿಗೆ ಇನ್ನೊಂದು ಗೂಟ ಹೊಡೆದು ಎರಡನ್ನೂ ಸರಪಣಿಯಿಂದ ಬಿಗಿದ. ಯಾಕೆಂದು ನಾನು ಕೇಳಲಿಲ್ಲ. ನನ್ನ ಕಣ್ಣೆಲ್ಲ ಅವನ ಕೈಯ ಮೇಲಿತ್ತು. ಸುತ್ತಿಗೆ ಹಿಡಿಯುವಾಗ ಬೆರಳು ಸರಿಯಾಗಿ ಮಡಿಚಿದೆಯೇ ಎಂದು ಅವನು ಒಮ್ಮೆ ನೋಡಿಕೊಂಡೇ ಹಿಡಿಯುತ್ತಿದ್ದ.

ಕತ್ತರಿಗಾಲುಗಳನ್ನು ಶಾಲೆಯ ಹೆಂಚಿನ ಮಾಡಿನಷ್ಟು ಎತ್ತರಕ್ಕೆ ನಿಲ್ಲಿಸಿ ತಂತಿ ಹಾಯಿಸಿದೆವು. ಅಪ್ಪ ತಿರುಪು ಬಿಗಿದ, ಬೆತ್ತದಿಂದ ಹೊಡೆದ, ಅಂಗೈ ಇಟ್ಟ. ಆ ಕೂಡಲೇ ದಣಿದವನಂತೆ ಮುಖ ತಿರುಗಿಸಿ ಕತ್ತರಿಗಾಲಿಗೆ ಗಲ್ಲ ಆನಿಸಿ ಕಣ್ಣು ಮುಚ್ಚಿ ನಿಂತ. ಮುದಿಯಾದ, ಇನ್ನು ಇವನ ಕೈಲಿ ಆಗುವುದಿಲ್ಲ ಎಂದುಕೊಂಡೆ. "ಆಯ್ತು" ಎಂದು ಅಪ್ಪ ಬೆತ್ತವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ನಾನು ಕೆಳಗಿನಿಂದ ನೋಡಿದರೆ ತಂತಿ ನಡುವಿನಲ್ಲಿ ಯಾವಾಗಿನದಕ್ಕಿಂತ ಇಳಿದಂತೆ ಕಂಡಿತು. ಅಪ್ಪನ ಕೈ ಅವನಿಗೆ ಸುಳ್ಳು ಹೇಳಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಅಪ್ಪ, ತಮ್ಮ ಇಬ್ಬರೂ ಕ್ಯಾಂಟೀನಿಗೆ ಚಾ ಕುಡಿಯಲು ಹೋದರು. ನಾನು ಗೂಟದ ಬಳಿ ಒಬ್ಬಳೇ ಇದ್ದೆ. ತಂತಿಗೆ ಕೈ ಇಟ್ಟೆ. ಅದುವರೆಗೆ ನನ್ನ ಜನ್ಮದಲ್ಲಿ ಹಾಗೆ ಇಟ್ಟದ್ದಿಲ್ಲ. ಬಿಸಿಯಾಗಿತ್ತು, ಸಡಿಲ ಅನ್ನಿಸಿತು. ನಿಜ ಹೇಳುವುದಾದರೆ ಕೈಗೆ ಬಿಗಿ ಹೇಗೆ ತಿಳಿಯಬೇಕೆಂದು ನನಗೆ ಗೊತ್ತೇ ಇರಲಿಲ್ಲ, ನಾನು ಕಲಿತದ್ದು ಪಾದದಿಂದ. ಆದರೂ ಸರಳು ತೂರಿಸಿ ತಿರುಪನ್ನು ಒಂದು ಸುತ್ತು ತಿರುಗಿಸಿದೆ. ತಂತಿ ನಡುವಿನಲ್ಲಿ ಮೇಲೆದ್ದು ನೇರವಾಯಿತು. ಆಗ ಸಮಾಧಾನವಾಯಿತು. ಅಪ್ಪನಿಗೆ ತಿಳಿಯದಂತೆ ಅಪ್ಪನ ಮಾನ ಉಳಿಸಿದೆ ಎಂದು ಹೆಮ್ಮೆಯೂ ಆಯಿತು.

ಬಿಸಿಲು ಇಳಿದು ಗಾಳಿ ತಣ್ಣಗಾಗುವ ಹೊತ್ತಿಗೆ ಮೈದಾನ ತುಂಬಿತು. ತಮ್ಮ ಮೈಕಿನಲ್ಲಿ ಕೂಗಿ ಡೋಲು ಬಡಿದ. ಅಪ್ಪ ಶಾಲೆಯ ಬದಿಯ ಗೂಟದ ಬಳಿ ತಂತಿಗೆ ಕೈ ಇಟ್ಟು ಕತ್ತರಿಗಾಲಿಗೆ ಒರಗಿ ನಿಂತ. ನಾನು ಏಣಿ ಹತ್ತಿ ಗಳ ಹಿಡಿದು ತಂತಿಯ ಮೇಲೆ ಪಾದ ಇಟ್ಟೆ.

ಹೊರಗಿನವರು ಗಳವನ್ನು ನೋಡಿ ಅದು ಶೋಕಿಗೆ ಎಂದುಕೊಳ್ಳುತ್ತಾರೆ. ಉದ್ದದ ಗಳ ಬೇಗ ತಿರುಗುವುದಿಲ್ಲ, ಅದರ ತುದಿಗಳು ಬಾಗಿ ಕೆಳಗಿರುವುದರಿಂದ ಭಾರವೂ ಕೆಳಗಿರುತ್ತದೆ. ಮೈ ಬಲಕ್ಕೆ ವಾಲಿದರೆ ಗಳದ ಬಲತುದಿಯನ್ನೇ ತಗ್ಗಿಸಬೇಕು. ಗಳ ಬಲಕ್ಕೆ ತಿರುಗಿದಾಗ ಮೈ ಎಡಕ್ಕೆ ಮರಳುತ್ತದೆ. ಬುದ್ಧಿ ಮಾತ್ರ ಎಡತುದಿ ತಗ್ಗಿಸು ಎಂದು ಬೊಬ್ಬೆ ಹಾಕುತ್ತದೆ. ಆ ಬುದ್ಧಿಯ ಮಾತು ಕೇಳದಿರಲು ಕಲಿಯುವುದೇ ನಮ್ಮ ಬಾಲ್ಯ. ಪಾದದಲ್ಲಿ ತಂತಿ ಹೆಬ್ಬೆರಳಿನ ಸಂದಿನಿಂದ ಹಿಮ್ಮಡಿಯ ನಡುವಿನವರೆಗೆ ಹಾಯಬೇಕು, ಮಂಡಿ ಬಿಗಿಯಾಗಬಾರದು, ಕಣ್ಣು ಆಚೆ ಕತ್ತರಿಗಾಲಿನ ನೆತ್ತಿಯನ್ನು ಬಿಟ್ಟು ಕದಲಬಾರದು.

ಮೊದಲ ಹೆಜ್ಜೆಗೇ ನನ್ನ ಪಾದಕ್ಕೆ ತಪ್ಪು ತಿಳಿಯಿತು. ಹದವಾಗಿ ಬಿಗಿದ ತಂತಿ ಪಾದವನ್ನು ನಿಧಾನ ತೂಗುತ್ತದೆ, ಆ ತೂಗಾಟಕ್ಕೆ ಮೈ ಒಗ್ಗಿಕೊಳ್ಳುತ್ತದೆ. ಇದು ಜುಮುಜುಮು ನಡುಗುತ್ತಿತ್ತು. ನಾನು ಬಿಗಿದದ್ದಕ್ಕಿಂತಲೂ ಬಿಗಿಯಾಗಿತ್ತು. ಹೆಜ್ಜೆಯ ನಡುಕ ಆಚೆ ತುದಿಗೆ ಹೋಗಿ ಮುಂದಿನ ಹೆಜ್ಜೆ ಊರುವ ಮೊದಲೇ ಮರಳಿ ಬರುತ್ತಿತ್ತು. ಹಿಂದೆ ಸರಿಯಬಹುದಿತ್ತು. ಸರಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಆ ಒಂದೇ ಕಾರಣಕ್ಕೆ ಮುಂದೆ ಹೋದೆ.

ನಡುವಿಗೆ ತಲುಪುವಷ್ಟರಲ್ಲಿ ಕೆಳಗಿನಿಂದ ಅಪ್ಪನ ದನಿ ಬಂತು. "ಕೂರು!"

ನಮ್ಮ ಮನೆಯಲ್ಲಿ ತಂತಿಯ ಮೇಲೆ ಕೂತವರಿಲ್ಲ. ಆಟಕ್ಕೆಂದು ಕೂತು ಏಳುವುದು ಬೇರೆ. ಹೆದರಿ ಕೂರುವುದೆಂದರೆ ಅಲ್ಲಿಗೆ ಆಟ ಮುಗಿಯಿತು ಎಂದು ಅರ್ಥ. ನಾನು ಒಂದು ಉಸಿರು ತಡೆದು ನಿಂತೆ. "ಕೂರು ಮಗಾ!" ಎಂದು ಮತ್ತೆ ಕೂಗಿದ. ಗಳವನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಕಾಲು ಎರಡೂ ಬದಿಗೆ ಇಳಿಬಿಟ್ಟು ಕೂತೆ. ಕೂತದ್ದೇ ತಡ, ತಂತಿ ಒಮ್ಮೆಲೇ ಧಡಕ್ಕನೆ ಕೆಳಗೆ ಜಗ್ಗಿತು. ರಸ್ತೆ ಬದಿಯ ಗೂಟ ಮಣ್ಣಿನಲ್ಲಿ ಜಾರಿ ಬೆನ್ನಿನ ಗೂಟದ ಸರಪಣಿಗೆ ಸಿಕ್ಕಿ ತಡೆದಿತ್ತು. ನಾನು ಕೂರದೆ ನಿಂತೇ ಇದ್ದಿದ್ದರೆ ನೆಲದಲ್ಲಿರುತ್ತಿದ್ದೆ.

ತಮ್ಮ ಡೋಲು ಬಿಸಾಡಿ ಓಡಿ ಹೋಗಿ ಗೂಟದ ಮೇಲೆ ಬಿದ್ದು ಒತ್ತಿ ಹಿಡಿದ. ನಾನು ಕೂತಲ್ಲಿಂದಲೇ ಕುಂಡೆ ಜಾರಿಸುತ್ತ ಹಿಂದಕ್ಕೆ ಬಂದೆ. ಎಷ್ಟು ಹೊತ್ತು ಹಿಡಿಯಿತೋ ತಿಳಿಯದು, ನನಗೆ ಯುಗವೇ ಆಯಿತು. ಅಪಾಯ ಇಲ್ಲ ಎಂದು ಗೊತ್ತಾದ ಮೇಲೆ ಜನರಿಂದ ಸಿಳ್ಳೆ ಬಂತು, ಆಮೇಲೆ ನಗು. ಏಣಿ ಇಳಿಯುವಾಗ ಗೊತ್ತಾಯಿತು, ಪೈಜಾಮದ ಹಿಂಭಾಗ ಹರಿದು ಹೋಗಿತ್ತು. ಕಾರ್ಯದರ್ಶಿಯವರು ಅತಿಥಿಗಳಿಗೆಂದು ತಂದಿಟ್ಟ ಶಾಲುಗಳಲ್ಲಿ ಒಂದನ್ನು ಬೇರೆ ಕಡೆ ನೋಡುತ್ತ ನನ್ನ ಕೈಗೆ ಕೊಟ್ಟರು. ಅದನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಪ್ಪ ಮೈಕಿನ ಮುಂದೆ ಹೋದ. ಕೈಮುಗಿದ. "ಕಟ್ಟಿದ್ದು ತಪ್ಪಿತು. ನಡೆದದ್ದು ತಪ್ಪಲಿಲ್ಲ" ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಜನ ಚಪ್ಪಾಳೆ ತಟ್ಟಿದರು, "ಪಾಪ, ಪ್ರಾಯ ಆಗಿದೆ" ಎಂದು ಯಾರೋ ಅಂದದ್ದೂ ಕೇಳಿಸಿತು. ಮಾಡದ ತಪ್ಪಿಗೆ ಅಪ್ಪ ತಲೆ ತಗ್ಗಿಸಿ ನಿಂತದ್ದನ್ನು ನನಗೆ ನೋಡಲಾಗಲಿಲ್ಲ. ಹೋಗಿ ಮೈಕು ಕಿತ್ತುಕೊಂಡೆ.

"ಕಟ್ಟಿದ್ದು ತಪ್ಪಲಿಲ್ಲ" ಎಂದೆ. "ಅಪ್ಪ ಸರಿ ಕಟ್ಟಿದ್ದ. ಮತ್ತೆ ಬಿಗಿ ಮಾಡಿದ್ದು ನಾನು."

ಇಲ್ಲಿಯೂ ನಿಲ್ಲಿಸಬಹುದಿತ್ತು. ಎದುರಿನ ಮುಖಗಳೆಲ್ಲ ಯಾಕೆ ಎಂದು ಕೇಳುತ್ತಿದ್ದಂತೆ ಕಂಡಿತು. ನಾನೊಬ್ಬಳು ಅಹಂಕಾರಿ ಎಂದು ಎಲ್ಲಿ ತಿಳಿಯುತ್ತಾರೋ ಎಂಬ ಭಯ. ನಾಲಿಗೆ ಓಡಿತು. "ಅಪ್ಪನ ಕೈಗೆ ಈಗ ಎಂತದೂ ಗೊತ್ತಾಗುದಿಲ್ಲ. ಬಿಸಿ ಕೂಡ ಗೊತ್ತಾಗುದಿಲ್ಲ. ಅದಕ್ಕೆ ಹೆದರಿಕೆ ಆಗಿ ನಾನೇ ತಿರುಗಿಸಿದೆ."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಅಷ್ಟು ವರ್ಷ ಒಂದೇ ತಂತಿಯ ಎರಡು ತುದಿಯಲ್ಲಿ ದುಡಿದವರು ನಾವು, ಆ ನೋಟವನ್ನು ನಾನು ಮೊದಲು ಕಂಡಿರಲಿಲ್ಲ.

ಕಾರ್ಯದರ್ಶಿ ಹತ್ತಿರ ಬಂದರು. "ಎಂತ ಅಜ್ಜ, ಕೈಗೆ ಗೊತ್ತಾಗುದಿಲ್ಲ ಅಂದ್ರೆ ಈ ಕೆಲಸ ಯಾಕೆ ಮಾಡುದು ಮಾರಾಯ್ರೆ? ಮಗಳ ಜೀವ ಅಲ್ವಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕಾಳಜಿಯೇ ಇತ್ತು. ಅದೇ ಹೆಚ್ಚು ಚುಚ್ಚಿತು. ಆಟಗಾರರ ಕೈಕಾಲು ನೀವುವವರೊಬ್ಬರು ಅಪ್ಪನ ಕೈ ಹಿಡಿದು ಬಿಡಿಸಿ ಎದೆಯ ಬ್ಯಾಡ್ಜಿನ ಪಿನ್ನು ತೆಗೆದು ಅಂಗೈಗೆ ಒತ್ತಿದರು.

"ಗೊತ್ತಾಗ್ತದಾ?"

"ಇಲ್ಲ."

"ಇಲ್ಲಿ?"

"ಇಲ್ಲ."

ಬೆರಳ ತುದಿಯಲ್ಲಿ ಒಂದು ಹನಿ ರಕ್ತ ಬಂತು. ಸುತ್ತ ಹುಡುಗರು ಮೊಬೈಲು ಎತ್ತಿ ಹಿಡಿದಿದ್ದರು. ಅಪ್ಪ ಕೈ ಎಳೆದುಕೊಳ್ಳಲಿಲ್ಲ. ಶಾಲೆಯಲ್ಲಿ ಶಿಕ್ಷೆಗೆ ನಿಂತ ಮಗುವಿನಂತೆ ಅಂಗೈ ಚಾಚಿಕೊಂಡೇ ನಿಂತಿದ್ದ. ಸಾಕು ಬಿಡಿ ಎಂದು ತಮ್ಮ ಬಂದು ಬಿಡಿಸಿಕೊಂಡು ಹೋದ. ನಾನು ಸೊಂಟದ ಶಾಲು ಹಿಡಿದುಕೊಂಡು ನೋಡುತ್ತ ಇದ್ದೆ.

ಕತ್ತರಿಗಾಲು ಬಿಚ್ಚಿ ಟೆಂಪೋಕ್ಕೆ ಹಾಕಿ ಪುತ್ತೂರಿನ ದಾರಿ ಹಿಡಿದೆವು. ತಮ್ಮ ಓಡಿಸುತ್ತಿದ್ದ, ಅಪ್ಪ ನಡುವೆ, ನಾನು ಬಾಗಿಲ ಬದಿ. ಪೇಟೆ ದಾಟಿದ ಮೇಲೆ ತಮ್ಮ ಕೇಳಿದ.

"ಕೂರು ಅಂತ ಕೂಗಿದ್ದು ಹೇಗೆ ಅಪ್ಪ? ನಂಗೆ ಎಂತದೂ ಕಾಣ್ಲಿಲ್ಲ."

"ದವಡೆಯಲ್ಲಿ ಗೊತ್ತಾದ್ದು" ಎಂದ ಅಪ್ಪ. "ಕೈ ಹೋಗಿ ಎರಡು ಮಳೆಗಾಲ ಆಯ್ತು. ಗಲ್ಲ ಕಬ್ಬಿಣಕ್ಕೆ ಇಟ್ರೆ ನಡುಕ ಹಲ್ಲಿಗೆ ಬರ್ತದೆ. ಕೈಗಿಂತ ಚಂದ ಗೊತ್ತಾಗ್ತದೆ. ಅವಳು ಕಾಲಿಟ್ಟ ಕೂಡ್ಲೆ ಬಿಗಿ ಹೆಚ್ಚು ಅಂತ ಗೊತ್ತಾಯ್ತು. ಕೂಗಿದ್ರೆ ಹೆದರ್ತಾಳೆ, ದಾಟಿಬಿಡಲಿ ಅಂತ ತಡೆದೆ. ಮತ್ತೆ ಗೂಟ ಮಣ್ಣಲ್ಲಿ ಕರಕರ ಅಂದಿತು."

ಕತ್ತರಿಗಾಲಿಗೆ ಗಲ್ಲ ಆನಿಸಿ ಕಣ್ಣು ಮುಚ್ಚಿದ್ದು ಆಯಾಸಕ್ಕಲ್ಲ. ಎರಡು ಮಳೆಗಾಲ ನಾನು ಅವನ ಹಲ್ಲಿನ ಭರವಸೆಯ ಮೇಲೆ ನಡೆದಿದ್ದೆ, ಸಂಪಾಜೆಯಲ್ಲಿ, ಗುಂಡ್ಯದಲ್ಲಿ, ಎಲ್ಲ ಕಡೆ. ಒಮ್ಮೆಯೂ ತಪ್ಪಿರಲಿಲ್ಲ.

"ಅಷ್ಟು ಸಡಿಲ ಯಾಕೆ ಬಿಟ್ಟದ್ದು?" ಎಂದೆ.

"ಬಿಸಿಲಲ್ಲಿ ಕಟ್ಟಿದ ತಂತಿ ಸಂಜೆ ತಂಪಿಗೆ ತಾನೇ ಬಿಗಿಯಾಗ್ತದೆ. ಆ ಬದಿ ಮಣ್ಣು ತುಂಬಿಸಿದ ಜಾಗ. ತಂತಿ ನೇರ ಆದಷ್ಟು ಗೂಟಕ್ಕೆ ಎಳೆತ ಜಾಸ್ತಿ. ಸ್ವಲ್ಪ ಇಳಿದೇ ಇರ್ಬೇಕು."

"ನನಗೆ ಹೇಳಬಹುದಿತ್ತಲ್ಲ ಅಪ್ಪ?"

"ನೀನು ಕೇಳಬಹುದಿತ್ತಲ್ಲ."

ಮತ್ತೆ ಸ್ವಲ್ಪ ದೂರ ಹೋದ ಮೇಲೆ ಅವನೇ ಹೇಳಿದ. "ಬಿಗಿ ಮಾಡಿದ್ದು ನೀನು ಅಂತ ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ. ಕೈಯ ವಿಷಯ ಅವರಿಗೆ ಯಾಕೆ ಬೇಕಿತ್ತು?"

ತಪ್ಪು ಒಪ್ಪಿಕೊಂಡೆ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ನಾನು ನಿಜವಾಗಿ ಮಾಡಿದ್ದು ನನ್ನ ತಪ್ಪಿಗೆ ಒಂದು ಒಳ್ಳೆಯ ಕಾರಣ ಕೊಟ್ಟದ್ದು, ಆ ಕಾರಣವಾಗಿ ಅಪ್ಪನ ಕೈಯನ್ನು ಸಂತೆಯಲ್ಲಿ ಇಟ್ಟದ್ದು. ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿ ಅತ್ತೆ. ಮಂಡಿ ಸವೆದು ತಂತಿ ಬಿಟ್ಟವಳು ಅವ್ವ, ಮಾತು ಕಡಿಮೆ. "ಬಿದ್ದಿದ್ರೆ ಕಾಲು ಮುರೀತಿತ್ತು, ಪಟ್ಟಿ ಕಟ್ಟಿ ಗುಣ ಮಾಡ್ತಿದ್ದೆ" ಎಂದಳು. "ಇದಕ್ಕೆ ಎಲ್ಲಿ ಪಟ್ಟಿ ಕಟ್ಟುದು?"

ಪಿನ್ನು ಚುಚ್ಚಿದ ವೀಡಿಯೊ ಹುಡುಗರ ಸ್ಟೇಟಸ್ಸಿನಲ್ಲಿ ಸುಳ್ಯ, ಕಡಬ ಎಲ್ಲ ಸುತ್ತಿತು. ಆಟಕ್ಕೆ ಕೇಳುವವರು ಫೋನು ಮಾಡಿ ಮೊದಲು ಕೇಳುವ ಪ್ರಶ್ನೆಯೇ "ಕಟ್ಟುದು ಯಾರು?" ಎಂದಾಯಿತು. ಅಪ್ಪನೇ ಕಟ್ಟುವುದು, ಅವನು ಕಟ್ಟಿದ್ದು ಎಂದೂ ತಪ್ಪಿಲ್ಲ ಎಂದು ನಾನು ಹಟ ಹಿಡಿದೆ. ಹಲ್ಲಿನ ಕಥೆಯನ್ನು ಬಿಡಿಸಿ ಹೇಳಿದರೆ ಆ ಕಡೆಯಿಂದ ನಗುತ್ತಿದ್ದರು. ಒಂದು ದಿನ ಅಪ್ಪ ಬೆತ್ತವನ್ನು ತಮ್ಮನ ಕೈಗೆ ಕೊಟ್ಟ. ಬೇಡ ಎಂದು ಬೇಡಿಕೊಂಡೆ.

"ಜನ ಮೇಲೆ ನಿನ್ನನ್ನು ನೋಡ್ಬೇಕು" ಎಂದ. "ಕೆಳಗೆ ನನ್ನ ಕೈ ನೋಡ್ತಾ ಕೂತ್ರೆ ಆಟ ಎಂತಕ್ಕೆ?"

ತಮ್ಮನಿಗೆ ಗಲ್ಲ ಇಟ್ಟು ಕೇಳುವುದನ್ನೂ, ಹಾರೆಯಿಂದ ನೆಲ ಓದುವುದನ್ನೂ ಅಂಗಳದಲ್ಲಿ ದಿನಾ ಕಲಿಸಿದ. ನಾನು ಹತ್ತಿರ ಹೋದರೆ ನನಗೂ ಕಲಿಸುತ್ತಿದ್ದ. ಒಂದು ದಿನವೂ ಕಟುವಾಗಿ ಮಾತಾಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲಿನ ಮೊದಲ ಆಟ ಕಡಬದಲ್ಲಿ, ವರ್ತಕರ ಕ್ರೀಡಾಕೂಟಕ್ಕೆ. ತಮ್ಮ ಕಟ್ಟಿದ. ಅಪ್ಪ ಬರುವುದಿಲ್ಲ ಎಂದುಕೊಂಡಿದ್ದೆ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಟೆಂಪೋ ಹತ್ತಿದ. ಅಲ್ಲಿಯವರು ಮರ್ಯಾದೆಯಿಂದ ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಗೂಟದ ಬಳಿ ಬಿಟ್ಟು ಬೇರೆಲ್ಲಿಯೂ ಅವನು ನನ್ನ ಆಟ ನೋಡಿದ್ದಿಲ್ಲ. ಎರಡು ಕೈಗಳನ್ನೂ ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟ.

ತಂತಿ ಹದವಾಗಿತ್ತು. ಆಚೆ ತುದಿ ಮುಟ್ಟಿ, ತಿರುಗಿ, ಹಿಂದಿನ ದಾರಿ ನಡೆಯತೊಡಗಿದೆ. ನಡುವಿಗೆ ಬಂದಾಗ ಜನ ಚಪ್ಪಾಳೆ ತಟ್ಟಿದರು, ಎಲ್ಲ ಕಡೆ ತಟ್ಟುವಂತೆ ತಟ್ಟಿ ನಿಲ್ಲಿಸಿದರು. ಒಂದು ಚಪ್ಪಾಳೆ ಮಾತ್ರ ನಿಲ್ಲಲಿಲ್ಲ. ಮುಂದಿನ ಸಾಲಿನಿಂದ ಬರುತ್ತಿತ್ತು. ಕಣ್ಣು ಕದಲಿಸಬಾರದು, ಆದರೂ ಅಪ್ಪನದೆಂದು ಗೊತ್ತಾಯಿತು. ತುಂಬ ಜೋರಾಗಿ, ಒಂದೇ ಸಮನೆ ತಟ್ಟುತ್ತಿದ್ದ. ಎಷ್ಟು ಜೋರು ಎಂದು ಅವನ ಕೈ ಅವನಿಗೆ ಹೇಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ಊಟ ಬಿಟ್ಟು ಬೇಡಿದ ಚಪ್ಪಾಳೆ ಅದು, ಅವನ ಕೈ ತಂತಿ ಬಿಟ್ಟದ್ದರಿಂದಲೇ ಈಗ ಸಿಕ್ಕಿತು. ಎರಡೂ ಕೈಯಲ್ಲಿ ಗಳ ಇತ್ತು, ಕಿವಿ ಮುಚ್ಚಿಕೊಳ್ಳಲು ಆಗಲಿಲ್ಲ.